ಅಶರೀರವಾಣಿಗೆ ಮರುಪ್ರಸಾರವಿಲ್ಲ



ಈಚಿನ ಸಂಚಿಕೆಗಳಲ್ಲಿ ಹಳೆಯ ರೇಡಿಯೋ ನಾಟಕಗಳ ಬಗ್ಗೆ ಬರುತ್ತಿರುವ ಟಿಪ್ಪಣಿಗಳನ್ನು ಆಡಮ್ಸ್‌ಟೌನಿನಿಂದ ಹ್ಯೂಸ್ಟನ್‌ಗೆ ಹೋಗುವ ಬೆಳಗಿನ ರೈಲಿನಲ್ಲಿ ಓದುತ್ತಾ ಬಂದಿದ್ದೇನೆ. ಚೆನ್ನಾಗಿವೆ. ಯಾರೋ ಕೊಂಡಿ ಕಳಿಸುತ್ತಾರೆ, ಉಳಿದವರು ಬಿಡುವಾದಾಗ ಕೇಳುತ್ತಾರೆ, ನಾಲ್ಕು ಪ್ಯಾರಾ ಬರೆಯುತ್ತಾರೆ. ಆದರೆ ಎಲ್ಲರ ಅಳತೆಗೋಲೂ ಒಂದೇ ಆಗಿದೆ: ಪಾತ್ರ ಹೇಗಿದೆ, ಸಂಭಾಷಣೆ ಹೇಗಿದೆ, ದನಿಯ ಏರಿಳಿತ ಹೇಗಿದೆ. ಅಚ್ಚಾದ ನಾಟಕಕ್ಕೆ ಹಿಡಿಯುವ ಕೋಲನ್ನೇ ಕಿವಿಗೂ ಹಿಡಿದಂತಾಯಿತು. ರೇಡಿಯೋ ಕೃತಿಗೆ ಇನ್ನೊಂದು ಅಂಗವಿತ್ತು, ಅದನ್ನು ಬಿಟ್ಟು ವಿಮರ್ಶೆ ಮಾಡಲಾಗದು ಎಂಬುದು ನನ್ನ ತಕರಾರು. ಆ ಅಂಗ ಹೊತ್ತು. ಎಷ್ಟು ಗಂಟೆಗೆ ಪ್ರಸಾರವಾಯಿತು, ಆಗ ಕೇಳುವವರ ಮನೆಯ ಗಡಿಯಾರದಲ್ಲಿ ಎಷ್ಟಾಗಿತ್ತು ಎಂಬುದು ಕೃತಿಯ ಹೊರಗಿನ ವಿವರವಲ್ಲ, ಒಳಗಿನದು.

ನಮ್ಮ ವಿಮರ್ಶೆಯಲ್ಲಿ ‘ದೇಶಕಾಲ’ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ರೇಡಿಯೋ ಬಂದು ಈ ಜೋಡಿಪದವನ್ನು ನಡುವೆ ಸೀಳಿತು. ದೇಶವನ್ನು ಅದು ಲೀಲಾಜಾಲವಾಗಿ ದಾಟಿತು. ಕಾಲದ ಎದುರು ಮಾತ್ರ ಕೈಕಟ್ಟಿ ನಿಂತಿತು. ಪುರಾಣದ ಅಶರೀರವಾಣಿಯನ್ನೇ ನೆನೆಸಿಕೊಳ್ಳಿ. ತಂಗಿಯ ಮದುವೆಯಾಗಿದೆ, ಕಂಸ ತಾನೇ ರಥ ಹೊಡೆಯುತ್ತಾ ಹೊರಟಿದ್ದಾನೆ, ಆ ಗಳಿಗೆಯಲ್ಲೇ ಆಕಾಶದಿಂದ ಮಾತು ಬೀಳುತ್ತದೆ. ಅದೇ ಮಾತು ಮೂರು ದಿನ ಬಿಟ್ಟು, ಅರಮನೆಯಲ್ಲಿ ಕೈತೊಳೆದು ಊಟಕ್ಕೆ ಕೂತಾಗ ಕೇಳಿಸಿದ್ದರೆ ಅದು ಬರೀ ಸುದ್ದಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂತು. ಹೆಸರು ಇಟ್ಟವರಿಗೆ ರೇಡಿಯೋದ ಸ್ವಭಾವ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಮೂವತ್ತು ವ್ಯಾಟ್ ಎಂದರೆ ಒಂದು ಮಂದ ಬಲ್ಬಿನಷ್ಟು. ಅಷ್ಟರ ಕೇಳುಗರೆಲ್ಲ ಒಂದೇ ಸೂರ್ಯನ ಕೆಳಗಿದ್ದರು, ಒಂದೇ ಸಂಜೆ ಎಲ್ಲರಿಗೂ ಸಾಕಾಗುತ್ತಿತ್ತು.

ಸಂಜೆ ಎಲ್ಲರಿಗೂ ಸಾಲದೆ ಹೋದದ್ದು ಅಮೆರಿಕದಲ್ಲಿ. ಅಲ್ಲಿ ಪೂರ್ವ ಕರಾವಳಿಗೂ ಪಶ್ಚಿಮ ಕರಾವಳಿಗೂ ಮೂರು ಗಂಟೆಯ ಅಂತರ. 1920ರ ದಶಕದ ಕೊನೆಗೆ ಎನ್‌ಬಿಸಿ, ಸಿಬಿಎಸ್ ಜಾಲಗಳು ಟೆಲಿಫೋನ್ ತಂತಿಗಳ ಮೂಲಕ ದೇಶದುದ್ದಕ್ಕೂ ಕೇಂದ್ರಗಳನ್ನು ಹೆಣೆದಾಗ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಕೆಮ್ಮಿದರೆ ಕ್ಯಾಲಿಫೋರ್ನಿಯಾದಲ್ಲಿ ಆ ಕ್ಷಣವೇ ಕೇಳಿಸುತ್ತಿತ್ತು. ತೊಂದರೆ ಅಲ್ಲೇ ಶುರುವಾಯಿತು. ‘ಏಮಸ್ ಅಂಡ್ ಆ್ಯಂಡಿ’ ಎಂಬ ಹಾಸ್ಯ ಧಾರಾವಾಹಿ 1929ರಲ್ಲಿ ಎನ್‌ಬಿಸಿಗೆ ಬಂತು. ಇಬ್ಬರು ಬಿಳಿಯ ನಟರು ಕಪ್ಪು ಜನರ ದನಿಯನ್ನು ಅಣಕಿಸಿ ದೇಶವನ್ನೆಲ್ಲ ನಗಿಸಿದ ಕಾರ್ಯಕ್ರಮ ಅದು. ಇವತ್ತು ಕೇಳಿದರೆ ನಗು ಗಂಟಲಲ್ಲೇ ನಿಲ್ಲುತ್ತದೆ. ಮೊದಲು ಪೂರ್ವದ ರಾತ್ರಿ 11ಕ್ಕೆ ಇದ್ದುದನ್ನು ಅದೇ ವರ್ಷ ಸಂಜೆ 7ಕ್ಕೆ ತಂದರು. ನ್ಯೂಯಾರ್ಕಿನವರು ಖುಷಿಪಟ್ಟರು. ಆದರೆ ಅಲ್ಲಿ 7 ಎಂದರೆ ಶಿಕಾಗೋದಲ್ಲಿ 6, ಡೆನ್ವರಿನಲ್ಲಿ 5, ಪಶ್ಚಿಮದ ಕಡಲಿನಲ್ಲಿ 4. ಜನ ಇನ್ನೂ ಕೆಲಸದಲ್ಲಿದ್ದರು. ದೂರುಗಳು ಬಂದವು. ಕೊನೆಗೆ ಕಂಡುಕೊಂಡ ದಾರಿ ನಮ್ಮ ಕಂಪನಿ ನಾಟಕದವರಿಗೆ ಹೊಸದೇನಲ್ಲ: ಎರಡನೆಯ ಆಟ. ಅದೇ ಇಬ್ಬರು, ಅದೇ ಮಾತು, ಸಂಜೆ ಒಮ್ಮೆ, ತಡರಾತ್ರಿ ಇನ್ನೊಮ್ಮೆ.

ಮುಂದೆ ಹದಿನೈದಿಪ್ಪತ್ತು ವರ್ಷ ಇದೇ ಪದ್ಧತಿಯಾಯಿತು. ದೊಡ್ಡ ಕಾರ್ಯಕ್ರಮಗಳ ನಟರು, ವಾದ್ಯವೃಂದ, ಬಾಗಿಲು ಬಡಿಯುವ ಸದ್ದು ಮಾಡುವವನು, ಎಲ್ಲರೂ ಪೂರ್ವಕ್ಕೆ ಒಮ್ಮೆ ಆಡಿ, ಮೂರು ಗಂಟೆ ಬಿಟ್ಟು ಪಶ್ಚಿಮಕ್ಕೆ ಮತ್ತೆ ಆಡುತ್ತಿದ್ದರು. ಧ್ವನಿಮುದ್ರಣ ಇರಲಿಲ್ಲವೆ ಎಂದು ಕೇಳಬಹುದು. ಇತ್ತು. ದೊಡ್ಡ ತಟ್ಟೆಗಳ ಮೇಲೆ ಮುದ್ರಿಸುತ್ತಿದ್ದರು. ಆದರೆ ಮುದ್ರಿಸಿದ್ದನ್ನು ಪ್ರಸಾರ ಮಾಡಬಾರದೆಂದು ಎನ್‌ಬಿಸಿ, ಸಿಬಿಎಸ್ ಎರಡೂ ಹಟಹಿಡಿದಿದ್ದವು. 1937ರಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆ ಹೊತ್ತಿ ಉರಿದಾಗ ಹರ್ಬರ್ಟ್ ಮಾರಿಸನ್ ಅಳುತ್ತಾ ಕೊಟ್ಟ ವರದಿ ಮರುದಿನ ತಟ್ಟೆಯಿಂದ ಪ್ರಸಾರವಾಯಿತು; ಆ ಕಟ್ಟುಪಾಡು ಸಡಿಲಿದ ಅಪರೂಪದ ಸಂದರ್ಭ ಅದು. ಹಟಕ್ಕೆ ವ್ಯಾಪಾರದ ಕಾರಣವಿತ್ತು, ನಿಜ. ತಟ್ಟೆಯನ್ನು ಅಂಚೆಯಲ್ಲಿ ಕಳಿಸಬಹುದಾದರೆ ಜಾಲ ಯಾಕೆ ಬೇಕು? ಆದರೂ ಆ ಹಟದಿಂದ ಒಂದು ಕಲೆ ಬೆಳೆಯಿತು ಎಂದೇ ನನ್ನ ಅಭಿಪ್ರಾಯ.

‘ಸಸ್ಪೆನ್ಸ್’ ಮಾಲಿಕೆಯಲ್ಲಿ 1943ರ ಮೇ 25ರಂದು ಬಂದ ‘ಸಾರಿ, ರಾಂಗ್ ನಂಬರ್’ ತೆಗೆದುಕೊಳ್ಳಿ. ಬರೆದವರು ಲೂಸಿಲ್ ಫ್ಲೆಚರ್, ಮುಖ್ಯ ಪಾತ್ರ ಆಗ್ನೆಸ್ ಮೂರ್‌ಹೆಡ್. ಹಾಸಿಗೆ ಹಿಡಿದ ಹೆಂಗಸು, ಮನೆಯಲ್ಲಿ ಒಬ್ಬಳೇ. ಟೆಲಿಫೋನ್ ತಂತಿಗಳು ಅಡ್ಡಾದಿಡ್ಡಿ ಕೂಡಿಕೊಂಡು ಇಬ್ಬರು ಗಂಡಸರ ಮಾತು ಕಿವಿಗೆ ಬೀಳುತ್ತದೆ: ಅಂದು ರಾತ್ರಿ 11 ಗಂಟೆ 15 ನಿಮಿಷಕ್ಕೆ ಒಬ್ಬ ಹೆಂಗಸಿನ ಕೊಲೆ, ಸೇತುವೆಯ ಮೇಲೆ ರೈಲು ಹಾಯುವ ಸದ್ದಿನಲ್ಲಿ ಕೂಗು ಅಡಗಿಹೋಗಬೇಕು. ಅವಳು ಆಪರೇಟರಿಗೆ, ಪೊಲೀಸರಿಗೆ, ಆಸ್ಪತ್ರೆಗೆ ಫೋನು ಮಾಡುತ್ತಲೇ ಇರುತ್ತಾಳೆ. ಯಾರ ಕೊಲೆ ಎಂದು ನಮಗೆ ಅವಳಿಗಿಂತ ಮೊದಲೇ ಗೊತ್ತಾಗುತ್ತದೆ. ಇಡೀ ನಾಟಕ ನಿಂತಿರುವುದು 11:15 ಎಂಬ ಅಂಕಿಯ ಮೇಲೆ. ರಾತ್ರಿ ದೀಪವಾರಿಸಿ ಕೂತವರಿಗೆ ಆ ಗಳಿಗೆ ತಮ್ಮ ಗೋಡೆಯ ಗಡಿಯಾರದಲ್ಲೇ ಹತ್ತಿರವಾಗುತ್ತಿರುತ್ತದೆ. ಮೂರು ಗಂಟೆ ಹಿಂದಿರುವ ಊರಲ್ಲಿ, ಮೇ ತಿಂಗಳ ಬಿಸಿಲು ಅಂಗಳದಲ್ಲಿ ಇನ್ನೂ ಬಿದ್ದಿರುವಾಗ, ಮಕ್ಕಳು ಆಡುತ್ತಿರುವಾಗ ಇದನ್ನು ಕೇಳಿದರೆ ಹೆದರಿಕೆ ಎಲ್ಲಿಂದ ಬರಬೇಕು? ಎರಡನೆಯ ಆಟವನ್ನು ವ್ಯಾಪಾರದ ಅನುಕೂಲ ಎಂದಷ್ಟೇ ನೋಡುವುದು ಸಾಲದು ಎನ್ನುವುದು ಇದಕ್ಕೇ.

ಅಂದ ಹಾಗೆ, ಈ ನಾಟಕದ ಮೊದಲ ಪ್ರಸಾರದ ಕೊನೆಯಲ್ಲಿ ಒಬ್ಬ ನಟನ ಮಾತು ಸರಿಯಾದ ಗಳಿಗೆಗೆ ಬೀಳದೆ ಕೇಳುಗರು ಗೊಂದಲಕ್ಕೆ ಬಿದ್ದರು; ಮುಂದಿನ ವಾರ ನಿರೂಪಕರು ಕಥೆ ಹೇಗೆ ಮುಗಿಯಿತೆಂದು ವಿವರಿಸಬೇಕಾಯಿತು. ಮೂರ್‌ಹೆಡ್ ಮುಂದಿನ ವರ್ಷಗಳಲ್ಲಿ ಅದೇ ಪಾತ್ರವನ್ನು ಮತ್ತೆ ಮತ್ತೆ ರೇಡಿಯೋದಲ್ಲಿ ಆಡಿದರು. ಹಾಗಾದರೆ ಕೃತಿ ಯಾವುದು? ಹಳೆಯ ಕಾರ್ಯಕ್ರಮಗಳ ಸಂಗ್ರಾಹಕರು ಪೂರ್ವದ ಪ್ರತಿ, ಪಶ್ಚಿಮದ ಪ್ರತಿ ಎಂದು ಬೇರೆಬೇರೆ ಇಟ್ಟುಕೊಂಡಿರುತ್ತಾರೆ. ನಮ್ಮ ಗ್ರಂಥಸಂಪಾದಕರು ಪಂಪನಿಗೆ ಓಲೆಗರಿಗಳ ಪಾಠಾಂತರ ನೋಡುವಂತೆ ಇಲ್ಲೂ ನೋಡಬೇಕು. ಸಿಕ್ಕಿದ ಒಂದು ಕೊಂಡಿ ಒತ್ತಿ ‘ಈ ನಾಟಕದಲ್ಲಿ ನಾಯಕಿಯ ದನಿ ಕೊಂಚ ಅತಿಯಾಯಿತು’ ಎಂದು ತೀರ್ಪು ಕೊಟ್ಟರೆ ಯಾವ ರಾತ್ರಿಯ ದನಿ ಎಂದು ಯಾರಾದರೂ ಕೇಳಬಾರದೆ?

ಈ ಎರಡಾಟ ನಿಂತದ್ದು ಟೇಪಿನಿಂದ. ಗಾಯಕ ಬಿಂಗ್ ಕ್ರಾಸ್ಬಿಗೆ ನೇರ ಪ್ರಸಾರದ ಈ ಜೀತ ಸಾಕಾಗಿತ್ತು. 1946ರಲ್ಲಿ ಎಬಿಸಿ ಎಂಬ ಹೊಸ ಜಾಲ ಮುದ್ರಿತ ಕಾರ್ಯಕ್ರಮಕ್ಕೆ ಒಪ್ಪಿತೆಂದು ಅಲ್ಲಿಗೆ ಹೋದರು. ಮೊದಲು ತಟ್ಟೆ, ಮರುವರ್ಷ, ಯುದ್ಧ ಮುಗಿದ ಜರ್ಮನಿಯಿಂದ ಜಾಕ್ ಮಲಿನ್ ಎಂಬ ಇಂಜಿನಿಯರ್ ತಂದಿದ್ದ ಟೇಪ್ ಯಂತ್ರಗಳು. 1948ರ ಹೊತ್ತಿಗೆ ಆಂಪೆಕ್ಸ್ ಕಂಪನಿಯ ಯಂತ್ರಗಳು ಬಂದು, ಒಂದು ಊರಿನ ಸಂಜೆಯನ್ನು ಸುರುಳಿ ಸುತ್ತಿ ಇಟ್ಟು ಇನ್ನೊಂದು ಊರಿನ ಸಂಜೆಗೆ ಬಿಚ್ಚುವುದು ಸಾಧ್ಯವಾಯಿತು. ಈಗ ನಾವು ಬಫರ್ ಎನ್ನುತ್ತೇವಲ್ಲ, ಅದರ ಮುತ್ತಜ್ಜ. ಮಲಿನ್ ಹೇಳಿದ ಒಂದು ಪ್ರಸಂಗ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಬಾಬ್ ಬರ್ನ್ಸ್ ಎಂಬ ಹಾಸ್ಯಗಾರ ಒಮ್ಮೆ ಪೋಲಿ ಜೋಕುಗಳನ್ನು ಹೇಳಿ ಸಭೆಯನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದನಂತೆ. ಜೋಕುಗಳನ್ನು ಪ್ರಸಾರ ಮಾಡುವಂತಿರಲಿಲ್ಲ, ಕತ್ತರಿಸಿದರು. ನಗುವನ್ನು ಮಾತ್ರ ಎತ್ತಿಟ್ಟುಕೊಂಡು, ಮುಂದೆ ಸಪ್ಪೆಯಾದ ಇನ್ನೊಂದು ಕಾರ್ಯಕ್ರಮಕ್ಕೆ ಅಂಟಿಸಿದರು. ಟೇಪು ಬಂದ ಕೆಲವೇ ದಿನಗಳಲ್ಲಿ ನಗು ತನ್ನ ಗಳಿಗೆಯಿಂದ ಕಳಚಿಕೊಂಡಿತು ನೋಡಿ! ಇವತ್ತಿನ ಟಿವಿ ಧಾರಾವಾಹಿಗಳ ಹಿಂದೆ ನಗುತ್ತಿರುವವರಲ್ಲಿ ಎಷ್ಟು ಮಂದಿ ಬದುಕಿದ್ದಾರೋ.

ಇನ್ನು ನಾವಿರುವ ದ್ವೀಪಕ್ಕೆ ಬರೋಣ. ಐರ್ಲೆಂಡಿಗೆ ಗಡಿಯಾರದ ಜಗಳ ಹೊಸದಲ್ಲ. 1916ರ ಸೆಪ್ಟೆಂಬರ್ ಕೊನೆಯವರೆಗೂ ಡಬ್ಲಿನ್ನಿನ ಕಾಲ ಲಂಡನ್ನಿಗಿಂತ 25 ನಿಮಿಷ 21 ಸೆಕೆಂಡು ಹಿಂದಿತ್ತು. ‘ಯುಲಿಸಿಸ್’ನಲ್ಲಿ ಬ್ಲೂಮ್ ಬೀದಿಯಲ್ಲಿ ನಡೆಯುತ್ತಾ ಕಾಲಸೂಚಕ ಚೆಂಡನ್ನು ನೋಡಿ ಅದು ಡನ್ಸಿಂಕ್ ವೀಕ್ಷಣಾಲಯದ ಕಾಲವೋ ಗ್ರೀನಿಚ್ಚಿನದೋ ಎಂದು ತಲೆ ಕೆರೆದುಕೊಳ್ಳುವುದು ಇದೇ ಕಾರಣಕ್ಕೆ. ಆದರೆ ರೇಡಿಯೋ ವಿಷಯದಲ್ಲಿ ಈ ನಾಡಿನ ದೊಡ್ಡ ಕಥೆ 1947ರದು.

ಆ ವರ್ಷ ಗೇಲಿಕ್ ಫುಟ್‌ಬಾಲಿನ ಅಖಿಲ ಐರ್ಲೆಂಡ್ ಫೈನಲ್ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಬಿಟ್ಟು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸಿನಲ್ಲಿ ನಡೆಯಿತು. ಮಹಾಕ್ಷಾಮದ ‘ಕರಾಳ 47’ಕ್ಕೆ ನೂರು ವರ್ಷ ತುಂಬಿತ್ತು, ಹಸಿವಿಗೆ ಹೆದರಿ ಕಡಲು ದಾಟಿದವರ ಮೊಮ್ಮಕ್ಕಳ ಊರಿಗೇ ಆಟ ಹೋಯಿತು. ಸೆಪ್ಟೆಂಬರ್ 14, ಭಾನುವಾರ. ಕ್ಯಾವನ್ ಮತ್ತು ಕೆರಿ. ರೇಡಿಯೋ ಏರನ್ನಿಗಾಗಿ ವೀಕ್ಷಕ ವಿವರಣೆ ಕೊಟ್ಟವರು ಮೈಕೆಲ್ ಓಹೆಹಿರ್, ಇನ್ನೂ ಮೂವತ್ತು ತುಂಬದ ಹುಡುಗ. ನ್ಯೂಯಾರ್ಕಿನ ಮಧ್ಯಾಹ್ನ ಇಲ್ಲಿ ರಾತ್ರಿ. ಅಟ್ಲಾಂಟಿಕ್ ದಾಟುವ ಲೈನನ್ನು ಅಲ್ಲಿನ ಸಂಜೆ 5ರವರೆಗೆ, ಅಂದರೆ ಇಲ್ಲಿನ ರಾತ್ರಿ 10ರವರೆಗೆ, ಬಾಡಿಗೆಗೆ ಹಿಡಿದಿದ್ದರು. ಮೆರವಣಿಗೆ, ಭಾಷಣ ಎಂದು ಆಟ ತಡವಾಗಿ ಶುರುವಾಯಿತು. ಐದು ಹತ್ತಿರವಾಗುತ್ತಿದೆ, ಆಟ ಮುಗಿದಿಲ್ಲ. ಓಹೆಹಿರ್ ವಿವರಣೆಯ ನಡುವೆಯೇ, ಲೈನಿನಲ್ಲಿ ಯಾರಾದರೂ ಕೇಳಿಸಿಕೊಳ್ಳುತ್ತಿದ್ದರೆ ದಯವಿಟ್ಟು ಕತ್ತರಿಸಬೇಡಿ, ಇನ್ನು ಐದು ನಿಮಿಷ ಕೊಡಿ ಎಂದು ಬೇಡಿಕೊಳ್ಳತೊಡಗಿದರು. ಲೈನು ಉಳಿಯಿತು. ಕ್ಯಾವನ್ ಗೆದ್ದಿತು.

ಇದನ್ನು ಬರೀ ಸ್ವಾರಸ್ಯದ ಪ್ರಸಂಗವೆಂದು ಹೇಳಿ ಮುಗಿಸುವುದು ವಾಡಿಕೆ. ನನಗೆ ಅದು ರೇಡಿಯೋ ಗದ್ಯದ ಒಂದು ಉತ್ತಮ ಮಾದರಿಯಾಗಿ ಕಾಣುತ್ತದೆ. ಆ ಕೊನೆಯ ನಿಮಿಷಗಳಲ್ಲಿ ಒಂದೇ ದನಿ ಇಬ್ಬರ ಜೊತೆ ಮಾತಾಡುತ್ತಿದೆ: ಕತ್ತಲಲ್ಲಿ ಕಿವಿಗೊಟ್ಟು ಕೂತ ಹಳ್ಳಿಗಳ ಜೊತೆ, ಮತ್ತು ಲೈನಿನ ಮೇಲೆ ಕೈಯಿಟ್ಟು ಕೂತ, ಹೆಸರು ಗೊತ್ತಿಲ್ಲದ ಒಬ್ಬ ತಂತ್ರಜ್ಞನ ಜೊತೆ. ಇಬ್ಬರ ನಡುವೆ ಐದು ಗಂಟೆ. ಸಾಮಾನ್ಯವಾಗಿ ವಿವರಣಕಾರರು ತಂತಿಯನ್ನು ಮರೆಸುತ್ತಾರೆ, ಮೈದಾನವೇ ಕಣ್ಣೆದುರು ಇದೆ ಎನ್ನಿಸುತ್ತಾರೆ. ಇಲ್ಲಿ ತಂತಿಯೇ ಪಾತ್ರವಾಯಿತು. ಗೋಲಿನ ಉದ್ವೇಗ, ಗಡಿಯಾರದ ಉದ್ವೇಗ ಎರಡೂ ಒಂದೇ ಉಸಿರಿನಲ್ಲಿ ಬಂದವು. ಯಾವ ನಾಟಕಕಾರನೂ ಇದನ್ನು ಬರೆದು ಕೊಟ್ಟಿರಲಿಲ್ಲ.

ಭಾರತದ ದಾರಿ ಇವೆರಡಕ್ಕಿಂತ ಬೇರೆ. ಮುಂಬಯಿಯಂಥ ಊರು 1955ರವರೆಗೂ ತನ್ನದೇ ಕಾಲವನ್ನು ಇಟ್ಟುಕೊಂಡಿತ್ತೆಂಬುದು ನಿಜವಾದರೂ, ಕೊನೆಗೆ ದ್ವಾರಕೆಯಿಂದ ಅರುಣಾಚಲದವರೆಗೆ ಒಂದೇ ಗಡಿಯಾರ ಎಂದಾಯಿತು. ಸೂರ್ಯ ಎರಡು ಗಂಟೆ ಹಿಂದುಮುಂದಾಗಿ ಹುಟ್ಟಿದರೂ ದೆಹಲಿಗೆ ಎಷ್ಟೋ ಎಲ್ಲರಿಗೂ ಅಷ್ಟೇ. ಅಸ್ಸಾಮಿನ ಚಹಾ ತೋಟದವರು ಒಂದು ಗಂಟೆ ಮುಂದೆ ತಿರುಗಿಸಿದ ‘ಬಾಗಾನ್ ಕಾಲ’ವನ್ನು ಇಟ್ಟುಕೊಂಡರು, ಆಕಾಶವಾಣಿ ಮಾತ್ರ ಭಾರತದ ಕಾಲವನ್ನೇ ಸಾರುತ್ತಿತ್ತು. ಹಾಗಾದರೆ ವಲಯಗಳೇ ಇರಲಿಲ್ಲವೆ? ಇದ್ದವು, ಆದರೆ ಅವು ಭಾಷೆಯ ವಲಯಗಳು. ಬೆಳಿಗ್ಗೆ 6:55ಕ್ಕೆ ಸಂಸ್ಕೃತ ವಾರ್ತೆ, 7:35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ಅದರ ಅಕ್ಕಪಕ್ಕದಲ್ಲಿ ತೆಲುಗು, ತಮಿಳು, ಮಲಯಾಳ. ನಮ್ಮ ವಯಸ್ಸಿನವರಿಗೆ 7:35 ಎಂದರೆ ಬರೀ ಸಮಯವಲ್ಲ: ಸ್ನಾನ ಮುಗಿದಿರಬೇಕು, ದೋಸೆ ಹಂಚಿನ ಮೇಲಿರಬೇಕು, ಶಾಲೆಗೆ ಇನ್ನು ಇಷ್ಟೇ ಹೊತ್ತು. ಅದೇ ಗಳಿಗೆ ಇಲ್ಲಿ ಬೇಸಿಗೆಯಲ್ಲಿ ನಸುಕಿನ 3:05, ಚಳಿಗಾಲದಲ್ಲಿ 2:05. ಮುದ್ರಿಸಿಟ್ಟು ಬೆಳಿಗ್ಗೆ ಕೇಳಿದರೆ ಸುದ್ದಿ ಸಿಗುತ್ತದೆ, 7:35 ಸಿಗುವುದಿಲ್ಲ.

ಈ ಒಂದೇ ಗಡಿಯಾರದ ವ್ಯವಸ್ಥೆ ಸಾಹಿತ್ಯಕ್ಕೆ ಕೊಟ್ಟ ಮುಖ್ಯ ಫಲ ಎಂದರೆ 1956ರಲ್ಲಿ ಶುರುವಾದ ರಾಷ್ಟ್ರೀಯ ನಾಟಕ ಕಾರ್ಯಕ್ರಮ. ಒಂದು ಭಾಷೆಯ ನಾಟಕವನ್ನು ಆರಿಸಿ, ಉಳಿದ ಭಾಷೆಗಳಿಗೆ ಅನುವಾದ ಮಾಡಿಸಿ, ಬೇರೆಬೇರೆ ಕೇಂದ್ರಗಳಿಂದ ಒಂದೇ ಹೊತ್ತಿಗೆ ಪ್ರಸಾರ ಮಾಡುತ್ತಿದ್ದರು. ಅಮೆರಿಕದಲ್ಲಿ ಭಾಷೆ ಒಂದು, ಹೊತ್ತು ಹಲವು. ನಮ್ಮಲ್ಲಿ ಹೊತ್ತು ಒಂದು, ಭಾಷೆ ಹಲವು. ಅಲ್ಲಿ ಒಂದೇ ತಂಡ ಎರಡು ಸಲ ಆಡಿತು. ಇಲ್ಲಿ ಹತ್ತಾರು ತಂಡಗಳು ಒಂದೇ ಸಲ ಆಡಿದವು. ಧಾರವಾಡದಲ್ಲಿ ಒಬ್ಬ ನಟಿ ಕನ್ನಡದಲ್ಲಿ ಅಳುವಾಗ ಅದೇ ಅಳುವನ್ನು ಮದರಾಸಿನಲ್ಲಿ ಇನ್ನೊಬ್ಬರು ತಮಿಳಿನಲ್ಲಿ ಅಳುತ್ತಿದ್ದರು, ಆದರೆ ಮಾತಿನ ಉದ್ದ ಬೇರೆಯಾದ್ದರಿಂದ ಒಂದೆರಡು ನಿಮಿಷ ಆಚೀಚೆ! ಇದರಲ್ಲಿ ಸರ್ಕಾರಿ ವಾಸನೆ ಇತ್ತು, ಅನುವಾದಗಳು ಎಷ್ಟೋ ಸಲ ಇಸ್ತ್ರಿ ಮಾಡಿದ ಅಂಗಿಯ ಹಾಗೆ ಗರಿಗರಿಯಾಗಿರುತ್ತಿದ್ದವು ಎಂಬುದನ್ನು ಒಪ್ಪುತ್ತೇನೆ. ಆದರೂ ಕಲ್ಪನೆಯಾಗಿ ಇದು ಅಮೆರಿಕದ್ದಕ್ಕಿಂತ ದೊಡ್ಡದು. ಅಲ್ಲಿನವರು ಗಿರಾಕಿಯ ಸಂಜೆಯನ್ನು ಗೌರವಿಸಿದರು. ಇಲ್ಲಿ ಒಂದು ರಾತ್ರಿಯನ್ನೇ ಎಲ್ಲರಿಗೂ ಹಂಚಿದರು.

ಗಿರೀಶ ಕಾರ್ನಾಡರ ಟಿಪ್ಪುವಿನ ಕನಸುಗಳ ನಾಟಕವನ್ನು ಈ ಬೆಳಕಿನಲ್ಲಿ ನೋಡಬೇಕು. ಸ್ವಾತಂತ್ರ್ಯದ ಐವತ್ತನೆಯ ವರ್ಷಕ್ಕೆಂದು ಬಿಬಿಸಿ ರೇಡಿಯೋ ಅವರಿಂದ ಬರೆಯಿಸಿ 1997ರಲ್ಲಿ ಪ್ರಸಾರ ಮಾಡಿದ ನಾಟಕ ಅದು. ಆ ಹೊತ್ತಿಗೆ ಎಲ್ಲವೂ ಮೊದಲೇ ಮುದ್ರಣ. ಯಾರ ಸಂಜೆಯನ್ನೂ ಕಾಯಬೇಕಿರಲಿಲ್ಲ. ಹೊರಗಿನ ಹೊತ್ತು ಹೋದಾಗ ಕಾರ್ನಾಡರು ಹೊತ್ತನ್ನು ಒಳಗೆ ತಂದರು. ಟಿಪ್ಪು ತನ್ನ ಕನಸುಗಳನ್ನು ಪಾರಸಿಯಲ್ಲಿ ತಾನೇ ಬರೆದಿಟ್ಟಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಮೇಲೆ ಆ ಹಸ್ತಪ್ರತಿ ಇಂಗ್ಲಿಷರ ಕೈಸೇರಿ, ಈಗ ಲಂಡನ್ನಿನಲ್ಲಿದೆ. ನಾಟಕದಲ್ಲಿ ಕಿರ್ಮಾನಿ ಎಂಬ ಆಸ್ಥಾನದ ಇತಿಹಾಸಕಾರನೂ ಮೆಕೆಂಜಿಯೂ ನೆನಪು ಕೆದಕುತ್ತಾ ಹೋದಂತೆ ಕಾಲಗಳು ಒಂದರ ಮೇಲೊಂದು ಸರಿಯುತ್ತವೆ. ರೇಡಿಯೋಗೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಕನಸಿಗೂ ದನಿಗೂ ಮೈಯಿಲ್ಲ. ರಂಗದ ಮೇಲೆ ಕನಸನ್ನು ತೋರಿಸಲು ಹೊಗೆ, ನೀಲಿ ದೀಪ ಎಂದು ಒದ್ದಾಡುತ್ತಾರೆ; ಕಿವಿಗೆ ಒಂದು ಮೌನ ಸಾಕು. ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸುವ ಪ್ರಸಂಗ ಮಾತ್ರ ಕಣ್ಣು ಕೇಳುತ್ತದೆ, ಅದು ರಂಗಕ್ಕೇ ಸೇರಿದ್ದು. ಹಾಗೆ ನೋಡಿದರೆ ರೇಡಿಯೋಗಾಗಿ ಹುಟ್ಟಿದ ಈ ನಾಟಕವನ್ನು ನಾವು ರಂಗದಲ್ಲೇ ನೋಡಿ, ಪುಸ್ತಕದಲ್ಲೇ ಓದಿ ಅಳೆಯುತ್ತಿದ್ದೇವೆ. ದೃಶ್ಯಗಳು ತುಂಡುತುಂಡು ಎಂದು ದೂರುವವರು ಅದು ಯಾವ ಮಾಧ್ಯಮಕ್ಕೆ ಬರೆದದ್ದೆಂದು ಮೊದಲು ನೋಡಬೇಕು.

ಈಗಿನ ಸ್ಥಿತಿ ಏನು? ನನ್ನ ಉದ್ಯೋಗದಲ್ಲಿ ಸಮಯವನ್ನು ಒಂದೇ ಜಾಗತಿಕ ಮಾನಕ್ಕೆ ಇಳಿಸಿ ದಾಸ್ತಾನು ಮಾಡುತ್ತೇವೆ, ತೋರಿಸುವಾಗ ಮಾತ್ರ ಆಯಾ ಊರಿನ ಗಂಟೆಗೆ ಬದಲಿಸುತ್ತೇವೆ. ಲೆಕ್ಕಕ್ಕೆ ಇದು ಸರಿ. ಆದರೆ ಕೇಳ್ಮೆಯಲ್ಲಿ ‘ಈಗ’ ಎಂಬುದು ಸಡಿಲವಾಗಿಬಿಟ್ಟಿದೆ. ಇಲ್ಲಿನ ಆರ್‌ಟಿಇ 1950ರಿಂದ ಪ್ರಸಾರ ಮಾಡುತ್ತಿರುವ ಏಂಜಲಸ್ ಗಂಟೆಯನ್ನು ರೇಡಿಯೋದಲ್ಲಿ ಕೇಳಿ, ಅದೇ ಹೊತ್ತಿಗೆ ಫೋನಿನಲ್ಲಿ ಅಂತರ್ಜಾಲದ ಪ್ರಸಾರವನ್ನೂ ಹಾಕಿ ನೋಡಿ. ಫೋನಿನ ಗಂಟೆ ತಡವಾಗಿ ಹೊಡೆಯುತ್ತದೆ. ಒಂದೇ ಮನೆಯಲ್ಲಿ ಎರಡು ಕಾಲವಲಯ! 2023ರ ಏಪ್ರಿಲ್ 14ರಂದು ಆರ್‌ಟಿಇ ತನ್ನ 252ರ ದೀರ್ಘತರಂಗ ಪ್ರಸಾರವನ್ನು ನಿಲ್ಲಿಸಿತು; ಅದೇ ಜುಲೈನಲ್ಲಿ ಮೀಥ್ ಕೌಂಟಿಯ ಕ್ಲಾರ್ಕ್ಸ್‌ಟೌನಿನ ಎತ್ತರದ ಕಂಬವನ್ನೂ ಉರುಳಿಸಿದರು. ಬ್ರಿಟನ್ನಿನಲ್ಲಿ ನೆಲೆಸಿದ ಹಳೆಯ ಐರಿಷ್ ತಲೆಮಾರಿನವರು, ಗುಬುಟು ತಿರುಗಿಸಿ ಊರಿನ ದನಿ ಕೇಳುತ್ತಿದ್ದವರು, ಇದಕ್ಕೆ ಬಲವಾಗಿ ಬೇಸರಪಟ್ಟರು. ಅಂತರ್ಜಾಲದಲ್ಲಿ ಎಲ್ಲ ಸಿಗುತ್ತದಲ್ಲ ಎಂಬ ಉತ್ತರ ಅವರಿಗೆ ಸಮಾಧಾನ ಕೊಡಲಿಲ್ಲ. ಯಾಕೆಂದು ಹೊರನಾಡಿನಲ್ಲಿ ಕೂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕೆಲಸದ ಮಾತಿದೆ. ನಮ್ಮಲ್ಲಿ ಹಲವರ ಊರಿನ ಮನೆಗಳ ಅಟ್ಟದಲ್ಲಿ ಆಕಾಶವಾಣಿಯಿಂದ ಮುದ್ರಿಸಿಕೊಂಡ ಕ್ಯಾಸೆಟ್ಟುಗಳಿವೆ. ಈಗ ಅವನ್ನು ಡಿಜಿಟಲ್ ಮಾಡಿ ಯೂಟ್ಯೂಬಿಗೆ ಏರಿಸುವ ಉತ್ಸಾಹ ಎಲ್ಲೆಡೆ ಕಾಣುತ್ತಿದೆ, ಸಂತೋಷ. ಆದರೆ ಏರಿಸುವವರು ಮೊದಲು ಮಾಡುವ ಕೆಲಸ ಹಿಂದುಮುಂದಿನದನ್ನು ಕತ್ತರಿಸುವುದು: ಟುಯ್ ಟುಯ್ ಎನ್ನುವ ಕಾಲಸಂಕೇತ, ‘ಈಗ ಸಮಯ’ ಎಂಬ ಉದ್ಘೋಷಣೆ, ಹಿಂದಿನ ಕಾರ್ಯಕ್ರಮದ ಬಾಲ, ಮುಂದಿನ ಕೃಷಿ ಸಲಹೆಯ ತಲೆ. ‘ಶುದ್ಧ’ ನಾಟಕ ಉಳಿಯಲಿ ಎಂದು. ದಯವಿಟ್ಟು ಕತ್ತರಿಸಬೇಡಿ. ಸದ್ದು ತೆಗೆಯುವ ಸಾಫ್ಟ್‌ವೇರ್ ಹಾಕುವುದಾದರೂ ಮೂಲ ಕಡತವನ್ನು ಬೇರೆ ಇಟ್ಟುಕೊಳ್ಳಿ, ಕಡತದ ಹೆಸರಿನಲ್ಲಿ ದಿನಾಂಕದ ಜೊತೆ ಗಂಟೆ, ಕೇಂದ್ರ ಬರೆಯಿರಿ. ಕ್ಯಾಸೆಟ್ಟಿನ ಮೇಲೆ ಅಪ್ಪನ ಕೈಬರಹದಲ್ಲಿ ‘ರಾತ್ರಿ 9:30, ಧಾರವಾಡ’ ಎಂದು ಇದ್ದರೆ ಅದರ ಫೋಟೋ ತೆಗೆದಿಡಿ. ಅಂಥವು ಯಾರ ಬಳಿಯಾದರೂ ಇದ್ದರೆ ಈ ಪತ್ರಕ್ಕೇ ಉತ್ತರಿಸಿ. ಪರಿವರ್ತಿಸುವ ಕೇಬಲ್ಲು, ಹಳೆಯ ಡೆಕ್ಕು ಎರಡೂ ನನ್ನ ಬಳಿ ಇವೆ.